ಮೂರು ಸನ್‌ಸ್ಕ್ರೀನ್, ಮೂರು ರೇಟು: ನಮ್ಮ ಬಿಸಲಿಗೆ ಯಾವದು ತಡೀತದ?

ನವನಗರ_ಮನಿ
ಮನ್ಯಾಗ ಮೂರು ಮಂದಿಗೆ ಸನ್‌ಸ್ಕ್ರೀನ್ ಬೇಕಾಗೇದ. ಒಬ್ಬರು ದಿನಾ ಸ್ಕೂಟರ್ ಮ್ಯಾಲ ವಿದ್ಯಾನಗರಕ್ಕ ಹೋಗಿ ಬರ್ತಾರ. ಒಬ್ಬರಿಗೆ ಗಲ್ಲದ ಮ್ಯಾಲ ಬಂಗು ಅದ. ಇನ್ನೊಬ್ಬರು ಅಮರಗೋಳ ಎಪಿಎಂಸಿ ಯಾರ್ಡಿನಾಗ ಮುಂಜಾನಿಂದ ಮಧ್ಯಾಹ್ನದ ಮಟ ಬಿಸಲಾಗ ನಿಂತಿರ್ತಾರ. ಮೂರು ಟ್ಯೂಬ್ ನೋಡಿಟ್ಟೇನಿ, ಡಬ್ಬಿ ಮ್ಯಾಲಿಂದು ಹಂಗ ಬರದೀನಿ. ಎಸ್‌ಪಿಎಫ್ ಅಂದ್ರ ಸುಡೂ ಬಿಸಲು ಎಷ್ಟು ತಡೀತದ ಅನ್ನೂ ಅಂಕಿ.

1) ಮೆಡಿಕಲ್ ಅಂಗಡಿ ಜೆಲ್: 50 ಗ್ರಾಂ, 899 ರೂಪಾಯಿ. ಎಸ್‌ಪಿಎಫ್ 50, ಪಿಎ+++. ಒಳಗ ಆಕ್ಟಿನಾಕ್ಸೇಟ್, ಝಿಂಕ್ ಆಕ್ಸೈಡ್, ಟೈಟಾನಿಯಂ ಡೈಆಕ್ಸೈಡ್.
2) ಆನ್‌ಲೈನ್ ಕ್ರೀಮ್: 50 ಗ್ರಾಂ, 399. ಎಸ್‌ಪಿಎಫ್ 50, ಪಿಎ++++. ಒಳಗ ಅವೊಬೆಂಝೋನ್, ಆಕ್ಟೋಕ್ರಿಲೀನ್, ಎಥಿಲ್‌ಹೆಕ್ಸಿಲ್ ಟ್ರಯಾಝೋನ್, ಆಮ್ಯಾಲ ಡೈಎಥಿಲಮಿನೊ ಹೈಡ್ರಾಕ್ಸಿಬೆಂಝಾಯಿಲ್ ಹೆಕ್ಸಿಲ್ ಬೆಂಝೋಯೇಟ್ ಅನ್ನೂ ಉದ್ದನ್ನ ಹೆಸರು.
3) ಸೂಪರ್‌ಮಾರ್ಕೆಟ್ ಲೋಷನ್: 100 ಮಿಲಿ, 250. ಎಸ್‌ಪಿಎಫ್ 30. ಪಿಎ ಬರದಿಲ್ಲ. ಆಕ್ಟಿನಾಕ್ಸೇಟ್, ಬೆಂಝೋಫೀನೋನ್-3, ಅವೊಬೆಂಝೋನ್.

ತುಟ್ಟಿ ಇದ್ದದ್ದು ಖರೇನ ಚಲೋನೋ, ಬರೇ ಹೆಸರಿಗೆ ರೊಕ್ಕಾನೋ? ಮೂವರಿಗೂ ಒಂದ ಟ್ಯೂಬ್ ನಡೀತದೇನು?

ದುರ್ಗದಬೈಲ್
ಮೂರನೇದ ತಗೋರಿ. ಎಸ್‌ಪಿಎಫ್ 30 ಅಂದ್ರ 97 ಪರ್ಸೆಂಟ್ ತಡೀತದ, 50 ಅಂದ್ರ 98. ಒಂದು ಪರ್ಸೆಂಟ್ ಸಲುವಾಗಿ ಡಬಲ್ ರೊಕ್ಕ ಯಾಕ ಕೊಡ್ತೀರಿ?

ರಸಾಯನ_ಮಾಸ್ತರ
ದುರ್ಗದಬೈಲ್ ಅವರೆ, ತಡೆದದ್ದನ್ನು ಲೆಕ್ಕ ಹಾಕಬೇಡಿ, ಚರ್ಮದೊಳಗೆ ಇಳಿದದ್ದನ್ನು ಹಾಕಿ. 30ರಲ್ಲಿ ನೂರಕ್ಕೆ 3.3 ಒಳಗೆ ಹೋಗುತ್ತದೆ, 50ರಲ್ಲಿ 2. ಅಂದರೆ ಸುಡುವ ಕಿರಣ ಸುಮಾರು 40 ಪರ್ಸೆಂಟ್ ಕಡಿಮೆ. ಅದೂ ಪೂರ್ತಿ ಅಳತೆ ಹಚ್ಚಿದಾಗ. ಅರ್ಧ ಹಚ್ಚಿದರೆ ಡಬ್ಬಿಯ ಮೇಲಿನ ಅಂಕಿ ಅರ್ಧಕ್ಕೋ ಅದಕ್ಕಿಂತ ಕೆಳಗೋ ಬೀಳುತ್ತದೆ. ಜನ ಹಚ್ಚುವುದೇ ಅರ್ಧ. ಅದಕ್ಕೇ 50 ಬೇಕು.

ಇನ್ನೊಂದು: ಎಸ್‌ಪಿಎಫ್ ಹೇಳುವುದು ಮುಖ್ಯವಾಗಿ ಯುವಿಬಿ (ಬಿಸಿಲಿನಲ್ಲಿರುವ, ಕಣ್ಣಿಗೆ ಕಾಣದ ಯುವಿ ಕಿರಣಗಳಲ್ಲಿ ಒಂದು ಬಗೆ) ಕಥೆ, ಅಂದರೆ 290ರಿಂದ 320 ನ್ಯಾನೋಮೀಟರ್‌ವರೆಗಿನ, ಚರ್ಮ ಕೆಂಪಾಗಿ ಸುಡುವ ಕಿರಣ. ಕಪ್ಪಾಗಿಸುವುದು, ಬಂಗು ಕೆದಕುವುದು, ಸುಕ್ಕು ತರುವುದು ಇವುಗಳಲ್ಲಿ 320ರಿಂದ 400ರ ಯುವಿಎ ಕೈ ದೊಡ್ಡದು. ಅದಕ್ಕೆ ಪಿಎ ನೋಡಬೇಕು. ಮೂರನೇ ಡಬ್ಬಿಯಲ್ಲಿ ಅದೇ ಇಲ್ಲ.

ದುರ್ಗದಬೈಲ್
ಒಳಗ ಇಳಿದದ್ದರ ಲೆಕ್ಕ ಒಪ್ಪಿದೆ ಮಾಸ್ತರ. ಆದ್ರ ಪಿಎ ಮುಂದಿನ ಪ್ಲಸ್ಸು ಕಂಪನಿಯವರು ತಮಗ ಬೇಕಾದಷ್ಟು ಹಾಕ್ಕೋತಾರಲ್ಲ?

ರಸಾಯನ_ಮಾಸ್ತರ
ಅದು ಜಪಾನಿನ ಪದ್ಧತಿ, 1996ರಿಂದ ಇದೆ. ಪ್ರತಿ ಪ್ಲಸ್ಸಿಗೂ ಅಳತೆ ಉಂಟು. ಯುವಿಎ ರಕ್ಷಣೆಯ ಅಂಕಿ 2ರಿಂದ 4 ಇದ್ದರೆ ಒಂದು ಪ್ಲಸ್, 4ರಿಂದ 8 ಎರಡು, 8ರಿಂದ 16 ಮೂರು, 16 ಮತ್ತು ಮೇಲಿದ್ದರೆ ನಾಲ್ಕು. ನಾಲ್ಕನೆಯದು 2013ರಲ್ಲಿ ಸೇರಿತು.

ಈಗ ಮೊದಲನೇ ಟ್ಯೂಬ್ ನೋಡಿ. ಎಸ್‌ಪಿಎಫ್ 50, ಪಿಎ+++. ಅದರ ಯುವಿಎ ಅಂಕಿ 8 ಇದ್ದರೂ 15 ಇದ್ದರೂ ಮೂರೇ ಪ್ಲಸ್. ಯುರೋಪಿನಲ್ಲಿ ಯುವಿಎ ರಕ್ಷಣೆ ಎಸ್‌ಪಿಎಫ್‌ನ ಮೂರನೇ ಒಂದು ಭಾಗಕ್ಕೆ ಕಡಿಮೆ ಇರಬಾರದು ಅಂತಾರೆ. 50ಕ್ಕೆ ಸುಮಾರು 17 ಬಂತು. ಆ ಅಳತೆಗೆ 899ರ ಜೆಲ್ ನಿಲ್ಲುವುದಿಲ್ಲ, 399ರದ್ದು ಬರೆದದ್ದು ನಿಜವಿದ್ದರೆ ನಿಲ್ಲಬಹುದು.

ಗದಗ_ಫಾರ್ಮಸಿ
ಬರೆದದ್ದು ನಿಜ ಇದ್ರ ಅಂದ್ರೆಲ್ಲ, ಅಲ್ಲೇ ಅದ ನೋಡ್ರಿ ತೊಡಕು. ನಮ್ಮ ದೇಶದಾಗ ಸನ್‌ಸ್ಕ್ರೀನ್ ಕಾಸ್ಮೆಟಿಕ್ ಲೆಕ್ಕಕ್ಕ ಬರ್ತದ, ಅಮೆರಿಕಾದಾಗ ಔಷಧದ ಲೆಕ್ಕಕ್ಕ. 2025ರಾಗ ಲ್ಯಾಕ್ಮೆ ಜಾಹೀರಾತಿನ ಸುತ್ತ ಲ್ಯಾಕ್ಮೆ ಮಾರೂ ಹಿಂದೂಸ್ತಾನ್ ಯೂನಿಲಿವರ್ ಮತ್ತ ಡರ್ಮಾ ಕೋ ಮಾರೂ ಹೊನಾಸಾ ಕೋರ್ಟಿಗೆ ಹೋದದ್ದು ಇದಽ ವಿಷಯಕ್ಕ: ಡಬ್ಬಿ ಮ್ಯಾಲಿನ ಎಸ್‌ಪಿಎಫ್ 50 ಖರೇನ 50 ಐತೇನು ಅಂತ.

ಕೊಳ್ಳೂ ಮುಂದ ಕಂಪನಿ ಪುಟದಾಗ 'ಇನ್ ವಿವೊ' ಪರೀಕ್ಷೆ ಅಂತ ಐತೇನು ನೋಡ್ರಿ. ಅಂದ್ರ ಮನುಷ್ಯಾರ ಬೆನ್ನ ಮ್ಯಾಲ ಹಚ್ಚಿ ಮಾಡಿದ್ದು. ಐಎಸ್‌ಒ 24444 ಅಂತ ನಂಬರ್ ಇರ್ತದ, ಅದಕ್ಕ ಕನಿಷ್ಠ 10 ಮಂದಿ ಮ್ಯಾಲ ಸರಿಯಾದ ಫಲಿತಾಂಶ ಬೇಕು. ಯುವಿಎ ಸಲುವಾಗಿ 24442 ಅಥವಾ 24443. ವರದಿ ಹಾಕಿದ ಕಂಪನಿ, ಹಾಕದ ಕಂಪನಿ ಎರಡರ ರೇಟೂ ಒಂದ ಇದ್ರ ಹಾಕಿದ್ದನ್ನ ತಗೋರಿ. ಸೋವಿ ಟ್ಯೂಬ್‌ಗಳಿಗೂ ಕೆಲವರು ಹಾಕಿರ್ತಾರ.

ಸಾಧನಕೇರಿ_ಓದುಗ
ಒಳಗಿನ ಪದಾರ್ಥಗಳ ಬಗ್ಗೆ ಯಾರಾದರೂ ಬಿಡಿಸಿ ಹೇಳಿ. ಪಟ್ಟಿ ಓದಿದರೆ ಏನೂ ಗೊತ್ತಾಗುವುದಿಲ್ಲ.

ರಸಾಯನ_ಮಾಸ್ತರ
ಹೇಳುತ್ತೇನೆ, ಸ್ವಲ್ಪ ಉದ್ದವಾಗುತ್ತದೆ.

ಅವೊಬೆಂಝೋನ್ ಯುವಿಎ ಹಿಡಿಯುವ ಮುಖ್ಯ ಪದಾರ್ಥ, 357 ನ್ಯಾನೋಮೀಟರ್ ಹತ್ತಿರ ಅದರ ಜೋರು ಹೆಚ್ಚು. ಡಬ್ಬಿಯ ಮೇಲೆ ಬ್ಯುಟೈಲ್ ಮೆಥಾಕ್ಸಿಡೈಬೆಂಝಾಯಿಲ್‌ಮೀಥೇನ್ ಎಂದು ಇರುತ್ತದೆ. ಅದರ ದೋಷ ಏನೆಂದರೆ ಬಿಸಿಲಿಗೆ ತಾನೇ ಒಡೆಯುತ್ತದೆ. ಪಕ್ಕದಲ್ಲಿ ಆಸರೆ ಬೇಕು. ಆಕ್ಟೋಕ್ರಿಲೀನ್ ಅಥವಾ ಬೆಮೊಟ್ರೈಝಿನಾಲ್ (ಟಿನೊಸಾರ್ಬ್ ಎಸ್ ಅನ್ನುತ್ತಾರೆ) ಇದ್ದರೆ ನಿಲ್ಲುತ್ತದೆ. ಆಕ್ಟಿನಾಕ್ಸೇಟ್ ಜೊತೆ ಹಾಕಿದರೆ ಮಾತ್ರ ಉಲ್ಟಾ. ಬಿಸಿಲಿನಲ್ಲಿ ಇವೆರಡೂ ಒಂದಕ್ಕೊಂದು ಕೂಡಿಕೊಂಡು ಎರಡೂ ಕೆಡುತ್ತವೆ. ಮೂರನೇ ಲೋಷನ್ನಿನಲ್ಲಿ ಇರುವುದು ಅದೇ ಜೋಡಿ. ಬೆಳಗ್ಗೆ ಹಚ್ಚಿದಾಗ ಯುವಿಎ ರಕ್ಷಣೆ ಇದ್ದರೂ ಬಿಸಿಲಿನಲ್ಲಿ ನಿಂತಂತೆ ಅದು ಕರಗುತ್ತ ಹೋಗುತ್ತದೆ. ರೇಟು ಕಡಿಮೆ ಎಂಬುದಕ್ಕಿಂತ ಈ ಜೋಡಿಯ ಕಾರಣಕ್ಕೆ ನಾನು ಅದನ್ನು ಬೇಡ ಅನ್ನುತ್ತೇನೆ.

ಎರಡನೇ ಕ್ರೀಮಿನ ಉದ್ದ ಹೆಸರು ಯುವಿನಲ್ ಎ ಪ್ಲಸ್ ಎಂಬುದರದ್ದೇ. ಅದೂ ಯುವಿಎ ಹಿಡಿಯುತ್ತದೆ, 354ರ ಆಸುಪಾಸು, ಆದರೆ ಬಿಸಿಲಿಗೆ ಒಡೆಯುವುದಿಲ್ಲ. ಟ್ರಯಾಝೋನ್ ಯುವಿಬಿಗೆ, ಕಡಿಮೆ ಪ್ರಮಾಣದಲ್ಲೇ ಗಟ್ಟಿ ಕೆಲಸ ಮಾಡುತ್ತದೆ. ಆಕ್ಟೋಕ್ರಿಲೀನ್ ಯುವಿಬಿಯನ್ನೂ ತಡೆದು ಅವೊಬೆಂಝೋನನ್ನೂ ಹಿಡಿದು ನಿಲ್ಲಿಸುತ್ತದೆ. ಯೋಚಿಸಿ ಕಟ್ಟಿದ ಮಿಶ್ರಣ.

ಮೊದಲನೆಯದರಲ್ಲಿ ಯುವಿಎ ಭಾರವೆಲ್ಲ ಝಿಂಕ್ ಆಕ್ಸೈಡ್ ಮೇಲೆ. ಟೈಟಾನಿಯಂ ಹೆಚ್ಚಾಗಿ ಯುವಿಬಿ ಮತ್ತು ಯುವಿಬಿಗೆ ಹತ್ತಿರದ ಗಿಡ್ಡ ಅಲೆಯ ಯುವಿಎ ಕಡೆಗೆ, ಆಕ್ಟಿನಾಕ್ಸೇಟ್ ಪೂರ್ತಿ ಯುವಿಬಿ. ಔಷಧ ಕಂಪನಿಯವರು ಕೆಲವೊಮ್ಮೆ ಪರ್ಸೆಂಟ್ ಬರೆದಿರುತ್ತಾರೆ. ಝಿಂಕ್ 2–3 ಪರ್ಸೆಂಟ್ ಅಷ್ಟೇ ಇದ್ದರೆ ಯುವಿಎಗೆ ಸಾಲದು. ಬರೀ ಖನಿಜದ ಕ್ರೀಮುಗಳಲ್ಲಿ ಅದು 20ರ ಆಸುಪಾಸು ಇರುತ್ತದೆ, ಅಮೆರಿಕದ ನಿಯಮದಲ್ಲಿ 25ರವರೆಗೆ ಅವಕಾಶ.

ಕೊಪ್ಪೀಕರ್_ರಸ್ತೆ
ಝಿಂಕ್ ಕನ್ನಡಿ ಇದ್ದಂಗ ಬಿಸಲು ವಾಪಸ್ ಕಳಸ್ತದ, ಕೆಮಿಕಲ್ ಇದ್ದದ್ದು ಚರ್ಮದೊಳಗ ಹೀರ್ಕೋತದ. ಹಂಗಾಗಿ ಝಿಂಕ್ ಸುರಕ್ಷಿತ ಅಂತ ಎಲ್ಲಾ ವಿಡಿಯೋದಾಗ ಹೇಳ್ತಾರ.

ರಸಾಯನ_ಮಾಸ್ತರ
ಝಿಂಕ್ ಮತ್ತು ಟೈಟಾನಿಯಂ ಕೂಡ ಯುವಿಯನ್ನು ಬಹುಪಾಲು ಹೀರಿಕೊಂಡೇ ತಡೆಯುವುದು. ಚದುರಿಸಿ ವಾಪಸ್ ಕಳಿಸುವುದು ನೂರಕ್ಕೆ ಸುಮಾರು 5 ಮಾತ್ರ. ಸುರಕ್ಷತೆಯ ಮಾತು ಬೇರೆ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2019 ಮತ್ತು 2020ರಲ್ಲಿ ಪರೀಕ್ಷಿಸಿದಾಗ ಅವೊಬೆಂಝೋನ್, ಆಕ್ಸಿಬೆಂಝೋನ್, ಆಕ್ಟೋಕ್ರಿಲೀನ್ ಮುಂತಾದವು ರಕ್ತದಲ್ಲಿ ಕಂಡದ್ದು ಹೌದು, ಮುಂದೆ ಪರೀಕ್ಷೆ ಬೇಕಾದ ಮಟ್ಟಕ್ಕಿಂತ ಮೇಲೆ. ಅಪಾಯ ಸಾಬೀತಾಯಿತು ಎಂದು ಅವರು ಹೇಳಿಲ್ಲ, ಬಿಡಬೇಡಿ ಎಂದೇ ಹೇಳಿದರು. ಬಸುರಿಯರು, ಸಣ್ಣ ಮಕ್ಕಳು, ಅಲರ್ಜಿ ಇರುವವರು ಝಿಂಕ್ ಆರಿಸಿಕೊಂಡರೆ ತಪ್ಪಿಲ್ಲ. ಮೂರನೆಯದರಲ್ಲಿರುವ ಬೆಂಝೋಫೀನೋನ್-3 ಅಂದರೆ ಆಕ್ಸಿಬೆಂಝೋನ್ ಅಲರ್ಜಿಗೆ ಹೆಸರಾದದ್ದು, ಅದನ್ನು ನಾನೂ ಬಿಡಿ ಅನ್ನುತ್ತೇನೆ.

ಹೊಸಯಲ್ಲಾಪುರ
ಇಷ್ಟೆಲ್ಲಾ ಯಾಕ್ರಿ? ಕೊಬ್ಬರಿ ಎಣ್ಣಿ, ಲೋಳಸರ ಹಚ್ಚಿದ್ರ ಸಾಕು. ನಮ್ಮ ಹಿರ್ಯಾರು ಯಾವ ಟ್ಯೂಬ್ ಹಚ್ಚಿದ್ರು?

ಗದಗ_ಫಾರ್ಮಸಿ
ಹಿರ್ಯಾರು ತಲಿ ಮ್ಯಾಲ ಸೆರಗು, ಪಟಗಾ ಇಲ್ಲದ ಬಿಸಲಿಗೆ ಹೋಗ್ತಿದ್ದಿಲ್ರಿ. ಅದು ಭಾಳ ದೊಡ್ಡ ರಕ್ಷಣೆ. ಕೊಬ್ಬರಿ ಎಣ್ಣಿಗೆ ಎಸ್‌ಪಿಎಫ್ 7–8 ಅಂತ ಓಡಾಡೂ ಅಂಕಿ ಪ್ರಯೋಗಾಲಯದ ಗಾಜಿನಾಗ ಅಳದದ್ದು, ಚರ್ಮದ ಮ್ಯಾಲ ಅಲ್ಲ. ಬಿಸಲಾಗ ಅದರ ಮ್ಯಾಲ ನಂಬಿಗಿ ಇಡಬ್ಯಾಡ್ರಿ. ಲೋಳಸರ ಸುಟ್ಟ ಮ್ಯಾಲ ತಂಪು ಕೊಡ್ತದ, ಸುಡೂದನ್ನ ತಡಿಯಂಗಿಲ್ಲ. ಕ್ಯಾಲಮೈನ್ ಲೋಷನ್‌ನಾಗ ಝಿಂಕ್ ಐತಿ ಅಂತ ಹಚ್ಚಾವ್ರೂ ಅದಾರ, ಅದೂ ಸನ್‌ಸ್ಕ್ರೀನ್ ಅಲ್ಲ.

ಝಿಂಕ್ ಪುಡಿ ತಂದು ಮನ್ಯಾಗ ಕ್ರೀಮಿನಾಗ ಕಲಸೂದಂತೂ ಬ್ಯಾಡ. ಪುಡಿ ಗಂಟುಗಂಟಾಗಿ ಕುಂಡರ್ತದ. ಗಂಟು ಇದ್ದಲ್ಲಿ ಬೆಳ್ಳಗ ಕಾಣ್ತದ, ನಡುವಿನ ಖಾಲಿ ಜಾಗಾದಾಗ ಬಿಸಲು ಸೀದಾ ಇಳೀತದ.

ಉಣಕಲ್_ಕೆರಿ
ರೇಟಿನ ಪ್ರಶ್ನೆಗೆ ಯಾರೂ ಉತ್ತರ ಕೊಟ್ಟಿಲ್ಲ. ಲೆಕ್ಕ ಹಾಕೋಣ್ರಿ.

ಎಸ್‌ಪಿಎಫ್ ಪರೀಕ್ಷೆ ಮಾಡೂ ಅಳತಿ ಚದರ ಸೆಂಟಿಮೀಟರಿಗೆ 2 ಮಿಲಿಗ್ರಾಂ. ಮಾರಿ, ಕಿವಿ, ಕುತ್ತಿಗಿ ಕೂಡಿ ಸುಮಾರು 600 ಚದರ ಸೆಂಟಿಮೀಟರ್ ಅಂತ ಹಿಡಿದ್ರ ಒಂದ ಸಲಕ್ಕ 1.2 ಗ್ರಾಂ. ದಿನಕ್ಕ ಎರಡು ಸಲ, ತಿಂಗಳಿಗೆ 72 ಗ್ರಾಂ.

899ರ ಜೆಲ್: ಗ್ರಾಮಿಗೆ 18 ರೂಪಾಯಿ, ಒಂದ ಸಲಕ್ಕ 21–22, ತಿಂಗಳಿಗೆ ಸುಮಾರು 1,295.
399ರ ಕ್ರೀಮ್: ಗ್ರಾಮಿಗೆ 8, ಒಂದ ಸಲಕ್ಕ 9.60, ತಿಂಗಳಿಗೆ 575.
250ರ ಲೋಷನ್: ಮಿಲಿಗೆ 2.50, ಒಂದ ಸಲಕ್ಕ 3, ತಿಂಗಳಿಗೆ 180.

ತುಟ್ಟಿ ಟ್ಯೂಬ್ ತಂದವರು ರೊಕ್ಕಕ್ಕ ಅಂಜಿ ಕಡ್ಲಿಕಾಳಿನಷ್ಟು ಹಚ್ಚಿದ್ರ 50 ಇದ್ದದ್ದು ಭಾಳ ಕೆಳಗ ಇಳಿದುಬಿಡ್ತದ. 399ರದನ್ನ ಕೈಬಿಚ್ಚಿ ಹಚ್ಚಿದವರಿಗೆ ಅದಕ್ಕಿಂತ ಹೆಚ್ಚು ಸಿಗ್ತದ.

ದುರ್ಗದಬೈಲ್
1.2 ಗ್ರಾಂ ಅಂದ್ರ ಹೆಂಗ ಅಳೀಬೇಕು? ಬಂಗಾರದ ತಕ್ಕಡಿ ಎಲ್ಲಾರ ಮನ್ಯಾಗ ಇರೂದಿಲ್ಲ.

ಉಣಕಲ್_ಕೆರಿ
ತೋರಬೆರಳು, ನಡುಬೆರಳು. ಬುಡದಿಂದ ತುದಿಮಟ ಎರಡೂ ಬೆರಳಿನ ಮ್ಯಾಲ ಒಂದೊಂದು ಗೆರಿ. ಅಷ್ಟು ಮಾರಿ ಮತ್ತ ಕುತ್ತಿಗಿಗೆ.

ರಾಣೆಬೆನ್ನೂರ_ಬೀಜ
ಎರಡು ಬೆರಳಿನ ಲೆಕ್ಕ ಟ್ಯೂಬಿನ ಬಾಯಿ ಮ್ಯಾಲ ಹೋಗ್ತದ. ಸಣ್ಣ ಬಾಯಿ ಇದ್ರ ಗೆರಿ ದಾರದಂಗ ಬರ್ತದ, ಅರ್ಧ ಗ್ರಾಮೂ ಆಗಂಗಿಲ್ಲ. ನೀರಿನಂಥ ಜೆಲ್ ಬೆರಳ ಮ್ಯಾಲ ನಿಲ್ಲೂದೂ ಇಲ್ಲ, ಹರದ ಹೋಗ್ತದ.

ಇದಕ್ಕಿಂತ ಸರಳ ಅಂದ್ರ, ಟ್ಯೂಬ್ ಒಡದ ದಿನ ಅದರ ಬೆನ್ನಿಗೆ ಪೆನ್ನಿಲೆ ತಾರೀಖು ಬರೀರಿ. 50 ಗ್ರಾಂ ಟ್ಯೂಬ್ ಸುಮಾರು 41 ಸಲಕ್ಕ ಮುಗೀಬೇಕು. ದಿನಕ್ಕ ಎರಡು ಸಲ ಒಬ್ಬರ ಹಚ್ಚಿದ್ರ 20–21 ದಿನ. ಎರಡು ತಿಂಗಳು ಬಂತಂದ್ರ ಮೂರರಾಗ ಒಂದು ಪಾಲು ಮಾತ್ರ ಹಚ್ಚೀರಿ ಅಂತ ಲೆಕ್ಕ.

ಉಣಕಲ್_ಕೆರಿ
ಹೌದ್ರಿ, ತಾರೀಖಿನ ಲೆಕ್ಕ ಚಲೋ ಐತಿ. ಬೆರಳಿನ ಲೆಕ್ಕಕ್ಕಿಂತ ಅದನ್ನ ಹಿಡೀರಿ.

ಸಾಧನಕೇರಿ_ಓದುಗ
ಅಷ್ಟು ಒಮ್ಮೆಲೆ ಹಚ್ಚಿದರೆ ಮುಖವೆಲ್ಲ ಬಿಳಿ, ಜಿಡ್ಡು. ಉಜ್ಜಿದರೆ ರಬ್ಬರಿನ ಚೂರಿನ ಹಾಗೆ ಉದುರುತ್ತದೆ.

ಗದಗ_ಫಾರ್ಮಸಿ
ಎರಡು ಕೈ ಮಾಡ್ರಿ. ಅರ್ಧ ಹಚ್ಚಿ 3–4 ನಿಮಿಷ ಬಿಟ್ಟು ಉಳದರ್ಧ. ಚೂರು ಉದುರೂದು ಕೆಳಗಿನ ಮಾಯಿಶ್ಚರೈಸರ್ ಇನ್ನೂ ಒಣಗಿರದಿದ್ರ, ಇಲ್ಲಾ ಎರಡರಾಗೂ ಸಿಲಿಕೋನ್ ಹೆಚ್ಚಿದ್ರ. ಮಾಯಿಶ್ಚರೈಸರ್ ಹಚ್ಚಿ 5–10 ನಿಮಿಷ ತಡೀರಿ. ನಮ್ಮ ಸೆಕಿಗೆ ಎಣ್ಣಿ ಚರ್ಮದವರು ಅದನ್ನ ಬಿಟ್ಟ ಬಿಟ್ರೂ ನಡೀತದ. ಸನ್‌ಸ್ಕ್ರೀನ್ ತಿಕ್ಕಬ್ಯಾಡ್ರಿ, ಹರವಿ ಮೆಲ್ಲಕ ಒತ್ರಿ. ಎಣ್ಣಿ, ನೀರು, ಫೌಂಡೇಶನ್ ಅಂಗೈಯಾಗ ಕಲಸಿ ಹಚ್ಚಬ್ಯಾಡ್ರಿ, ಪದರ ಒಡೀತದ. ಬಿಸಲಿಗೆ ಇಳಿಯೂ 15–20 ನಿಮಿಷ ಮೊದಲ ಹಚ್ರಿ.

ತೋಟಗಂಟಿ
ವಿಭೂತಿ ಹಚ್ಚಾವರು ಮೊದಲು ಯಾವದು?

ಗದಗ_ಫಾರ್ಮಸಿ
ಮೊದಲು ಸನ್‌ಸ್ಕ್ರೀನ್, ಒಣಗಿದ ಮ್ಯಾಲ ವಿಭೂತಿ, ಕುಂಕುಮ. ಹಣಿ ಮ್ಯಾಲ ಜಾಗಾ ಬಿಟ್ಟು ಹಚ್ಚಬ್ಯಾಡ್ರಿ.

ಬ್ಯಾಡಗಿ_ಖಾರ
ಯಾರ್ಡಿನಾಗ ನಿಲ್ಲೂ ಮನುಷ್ಯಾನ ಮಾತು ಯಾರೂ ಆಡವಲ್ರಿ. ಆ ಲೆಕ್ಕ ಬ್ಯಾರೆ ಅದ. ಅರ್ಧ ತೋಳಿನ ಅಂಗಿ ಹಾಕಿದ್ರ ಮಾರಿ, ಕುತ್ತಿಗಿ, ಎರಡೂ ಮುಂಗೈ, ಹಸ್ತ ಕೂಡಿ ಒಂದ ಸಲಕ್ಕ 5 ಗ್ರಾಂ ಹತ್ರ ಬೇಕು. ಬೆವರು ಬರೂ ಬಿಸಲಾಗ ಎರಡು ತಾಸಿಗೊಮ್ಮೆ ಅಂದ್ರ ದಿನಕ್ಕ ಮೂರು ಸಲ, 15 ಗ್ರಾಂ. 50 ಗ್ರಾಂ ಟ್ಯೂಬ್ ಮೂರು ದಿನಕ್ಕ ಖಾಲಿ. 399ರದಽ ಹಿಡಿದ್ರೂ ದಿನಕ್ಕ 120 ರೂಪಾಯಿ. ಯಾವ ದುಡಿಯೋನಿಗೆ ಇದು ನೀಗ್ತದ?

ಅದರ ಬದಲಿ ಪೂರ್ತಿ ತೋಳಿನ ಅಂಗಿ, ಅಗಲ ಅಂಚಿನ ಟೊಪಗಿ, ಕುತ್ತಿಗಿಗೆ ಟವೆಲ್. ಹೊಲದಾಗ ಹತ್ತಿ ಬಿಡಸೂ ಹೆಣಮಕ್ಕಳು ಸೀರಿ ಮ್ಯಾಲ ಗಂಡಸರ ಅಂಗಿ ಹಾಕ್ಕೋತಾರಲ್ಲ, ಅದಕ್ಕಿಂತ ಬೆಸ್ಟ್ ಸನ್‌ಸ್ಕ್ರೀನ್ ಇಲ್ಲ. ಆಮ್ಯಾಲ ಉಳಿಯೂದು ಮಾರಿ, ಕಿವಿ, ಹಸ್ತದ ಹಿಂಭಾಗ. ಅದಕ್ಕ 2 ಗ್ರಾಂ ಸಾಕು.

ರಸಾಯನ_ಮಾಸ್ತರ
ಪೂರ್ತಿ ಒಪ್ಪುತ್ತೇನೆ. ಬಟ್ಟೆಯಲ್ಲೂ ಹೆಚ್ಚುಕಡಿಮೆ ಇದೆ. ತೆಳ್ಳನೆಯ ಬಿಳಿ ಕಾಟನ್ ಅಂಗಿಯ ರಕ್ಷಣೆ ಅಂಕಿ 5–7ರ ಆಸುಪಾಸು, ಬೆವರಿನಲ್ಲಿ ತೊಯ್ದರೆ ಇನ್ನೂ ಇಳಿಯುತ್ತದೆ. ದಟ್ಟ ನೇಯ್ಗೆ, ಗಾಢ ಬಣ್ಣ ಇದ್ದರೆ ಎಷ್ಟೋ ಮೇಲು. ಬಟ್ಟೆಯನ್ನು ದೀಪದ ಎದುರು ಹಿಡಿದು ನೋಡಿ. ಬೆಳಕು ಧಾರಾಳ ದಾಟಿದರೆ ಯುವಿಯೂ ದಾಟುತ್ತದೆ.

ದುರ್ಗದಬೈಲ್
ಕರೀ ಅಂಗಿ ಹಾಕ್ಕೊಂಡು ಏಪ್ರಿಲ್ ಬಿಸಲಾಗ ನಿಂತ್ರ ಮನಷಾ ಬೆಂದು ಹೋಗ್ತಾನ್ರಿ ಮಾಸ್ತರ.

ರಸಾಯನ_ಮಾಸ್ತರ
ಕಪ್ಪೇ ಆಗಬೇಕಿಲ್ಲ. ದಟ್ಟ ನೇಯ್ಗೆಯ ಖಾದಿ, ನೀಲಿ ಅಥವಾ ಖಾಕಿ, ಸ್ವಲ್ಪ ಸಡಿಲ ಹೊಲಿಗೆ. ಗಾಳಿ ಆಡುತ್ತದೆ, ಬಿಸಿಲೂ ನಿಲ್ಲುತ್ತದೆ.

ಬ್ಯಾಡಗಿ_ಖಾರ
ಮೆಣಸಿನಕಾಯಿ ಯಾರ್ಡಿನವರಿಗೆ ಇನ್ನೊಂದ ಮಾತು. ಜಿಡ್ಡಿನ ಲೋಷನ್ ಹಚ್ಚಿದ್ರ ಖಾರದ ಧೂಳು ಮಾರಿಗೆ ಹತಗೊಂಡು ಕುಂಡರ್ತದ, ಬೆವರಿನ ಕೂಡ ಕಣ್ಣಿಗೆ ಇಳೀತದ. ಒಣಗಿದ ಮ್ಯಾಲ ಮ್ಯಾಟ್ ಆಗೂ ಜೆಲ್ ಆಗಬೇಕು. ಮತ್ತೊಮ್ಮೆ ಹಚ್ಚೂ ಮುಂದ ಕೈ ಎಣ್ಣಿ ಹಚ್ಚಿ ಒರಿಸಿ, ಆಮ್ಯಾಲ ಸಾಬೂನಿಲೆ ತೊಳೀರಿ. ಖಾರ ಬರೇ ನೀರಿಗೆ ಹೋಗಂಗಿಲ್ಲ. ಕೈಯಿಲೆ ಮುಟ್ಟೂದ ಬ್ಯಾಡಂದ್ರ ಸ್ಟಿಕ್ ಸಿಗ್ತದ. ಒಂದೊಂದು ಜಾಗಾಕ್ಕ ಮೂರು-ನಾಕು ಸಲ ಎಳೀಬೇಕು, ಒಂದ ಸಲ ಎಳೆದ್ರ ಏನೂ ಆಗಂಗಿಲ್ಲ.

ಕೊಪ್ಪೀಕರ್_ರಸ್ತೆ
ಎಸ್‌ಪಿಎಫ್ 50 ಅಂದ್ರ 10 ನಿಮಿಷಕ್ಕ ಸುಡೂ ಚರ್ಮ 500 ನಿಮಿಷ ತಡೀತದ ಅಲ್ರಿ? ಎಂಟು ತಾಸು. ಎರಡ ತಾಸಿಗೊಮ್ಮೆ ಯಾಕ ಹಚ್ಚಬೇಕು?

ಗದಗ_ಫಾರ್ಮಸಿ
ಆ ಗುಣಾಕಾರ ಪ್ರಯೋಗಾಲಯದ ದೀಪದ ಕೆಳಗ, ಬೆವರಿಲ್ಲದ, ಮುಟ್ಟದ ಚರ್ಮಕ್ಕ. ಹೊರಗ ಬೆವರಿಗೆ ಹರೀತದ, ಟವೆಲಿಗೆ ಒರಸ್ತದ, ಹೆಲ್ಮೆಟ್ ಪಟ್ಟಿಗೆ ತಿಕ್ತದ. ಮುಂಜಾನಿ 8ರ ಬಿಸಲು, ಮಧ್ಯಾಹ್ನ 12ರ ಬಿಸಲು ಒಂದಽ ಅಲ್ಲ. 'ವಾಟರ್ ರೆಸಿಸ್ಟಂಟ್ 80 ನಿಮಿಷ' ಅಂತಿದ್ರ ನೀರಾಗ ಅಷ್ಟೊತ್ತು ಇದ್ರೂ ಬರೆದ ಎಸ್‌ಪಿಎಫ್ ಉಳೀತದ ಅಂತ ಅರ್ಥ. ಆಫೀಸಿನೊಳಗ ಕಿಟಕಿ ದೂರ ಕುಂತವರಿಗೆ ಎರಡು ತಾಸಿನ ನಿಯಮ ಬ್ಯಾಡ. ಹೊರಗ ಹೋಗೂ ಮುಂದ ಮತ್ತೊಮ್ಮೆ ಹಚ್ಚಿದ್ರ ಸಾಕು.

ಕಪ್ಪತಗುಡ್ಡ_ಗಾಳಿ
ಹೊತ್ತಿನ ಮಾತು ಬಂದದ್ದು ಚಲೋ ಆತು. ನಮ್ಮ ಕಡೆ ಸೂರ್ಯ ನೆತ್ತಿಗೆ ಬರೂದು 12ಕ್ಕ ಅಲ್ಲ, ಹೆಚ್ಚುಕಮ್ಮಿ 12:30ಕ್ಕ. ಭಾರತದ ಗಡಿಯಾರ 82.5 ಡಿಗ್ರಿ ರೇಖಾಂಶದ್ದು, ನಾವು ಇರೂದು 75ರ ಹತ್ರ. ಹಂಗಾಗಿ ಜೋರಿನ ಹೊತ್ತು 10:30ರಿಂದ 2:30. ಗದಗ, ಹುಬ್ಬಳ್ಳಿ 15 ಡಿಗ್ರಿ ಅಕ್ಷಾಂಶದ ಮ್ಯಾಲ ಇರೂದ್ರಿಂದ ಮೇ ಮೊದಲನೇ ವಾರ, ಆಗಸ್ಟ್ ಎರಡನೇ ವಾರ ಸೂರ್ಯ ಸರಿಯಾಗಿ ನೆತ್ತಿ ಮ್ಯಾಲ ಬರ್ತಾನ. ಏಪ್ರಿಲ್-ಮೇದಾಗ ಮೋಡ ಇಲ್ಲದ ಮಧ್ಯಾಹ್ನ ಯುವಿ ಇಂಡೆಕ್ಸ್ (ಯುವಿ ಎಷ್ಟು ಜೋರು ಅಂತ ಹೇಳೂ ಅಂಕಿ) 11 ದಾಟ್ತದ, ಅದು ಪಟ್ಟಿಯ ತುದಿ ಮಟ್ಟ.

ಆಗಸ್ಟ್ ತಿಂಗಳದಾಗ ಮೋಡ, ತಂಪು ಗಾಳಿ ಅಂತ ಮಂದಿ ಬಿಟ್ಟಬಿಡ್ತಾರ. ತೆಳು ಮೋಡದೊಳಗ ಯುವಿ 80 ಪರ್ಸೆಂಟ್ ಮಟ ದಾಟ್ತದ. ಕಪ್ಪತಗುಡ್ಡದ ಗಾಳಿಗೆ ಮೈ ತಂಪನಸ್ತದ, ಯುವಿ ಗಾಳಿಗೆ ಕಮ್ಮಿ ಆಗಂಗಿಲ್ಲ. ಸೆಕಿ ನೋಡಬ್ಯಾಡ್ರಿ, ನೆಳ್ಳು ನೋಡ್ರಿ. ನೆಳ್ಳು ನಿಮ್ಮ ಎತ್ತರಕ್ಕಿಂತ ಗಿಡ್ಡ ಇದ್ರ ಹಚ್ಚೂ ಹೊತ್ತು.

ಚಿಗರಿ_ಪಾಸ್
ಚಿಗರಿ ಬಸ್ಸಿನಾಗ ಗಾಜು ಮುಚ್ಚಿರ್ತದ. ಧಾರವಾಡದಿಂದ ಹುಬ್ಬಳ್ಳಿಗೆ ದಿನಾ ಹೋಗಾವರಿಗೆ ಬೇಕೇನು?

ಕಪ್ಪತಗುಡ್ಡ_ಗಾಳಿ
ಸಾಮಾನ್ಯ ಗಾಜು ಯುವಿಬಿ ತಡೀತದ, ಯುವಿಎ ಭಾಳಷ್ಟು ಬಿಡ್ತದ. ಚರ್ಮ ಸುಡಂಗಿಲ್ಲ, ಕಪ್ಪಾಗೂದು ನಿಲ್ಲಂಗಿಲ್ಲ. ಕಾರಿನ ಮುಂದಿನ ಗಾಜಿನಾಗ ನಡುವ ಪ್ಲಾಸ್ಟಿಕ್ ಪದರ ಇರೂದ್ರಿಂದ ಅದು ಯುವಿಎನೂ ಬಹುತೇಕ ತಡೀತದ, ಬಾಜೂ ಗಾಜಿನಾಗ ಸಾಮಾನ್ಯವಾಗಿ ಆ ಪದರ ಇರಂಗಿಲ್ಲ. ಬಸ್ಸಿನಾಗ ನೆಳ್ಳಿನ ಬಾಜೂ ಕುಂಡ್ರ್ರಿ. ಧಾರವಾಡದಿಂದ ಹುಬ್ಬಳ್ಳಿಗೆ ಮುಂಜಾನೆ ಹೊಂಟ್ರ ಬಲಗಡೆ.

ಚಿಗರಿ_ಪಾಸ್
ಹುಬ್ಬಳ್ಳಿ ಧಾರವಾಡದ ಆಗ್ನೇಯಕ್ಕ. ಮುಂಜಾನೆ ಸೂರ್ಯ ಪೂರ್ವಕ್ಕ, ಅಂದ್ರ ಎಡಗಡೆ ಬಿಸಲು. ಹೌದು, ಬಲಗಡೆ ಸರಿ. ಸಂಜೀಕ ವಾಪಸ್ ಬರೂ ಮುಂದ ಪಡುವಣ ಬಿಸಲೂ ಎಡಕ್ಕಽ ಬರ್ತದ, ಆವಾಗೂ ಬಲಗಡೇನಽ.

ಮುಳಗುಂದ_ನಾಕಾ
ಸ್ಕೂಟರಿನವರಿಗೆ: ಹೆಲ್ಮೆಟ್ಟಿನ ಮುಂದಿನ ಪಾಲಿಕಾರ್ಬೊನೇಟ್ (ಗಟ್ಟಿ ಪ್ಲಾಸ್ಟಿಕ್) ವೈಸರ್ ಯುವಿಯನ್ನು ಬಹುಪಾಲು ತಡೆಯುತ್ತದೆ, ಕೆಳಗೆ ಇಳಿಸಿದ್ದರೆ. ಓಢಣಿ ಮುಖಕ್ಕೆ ಸುತ್ತಿಕೊಂಡರೆ ಮೂಗಿನ ಮೇಲೆ, ಗಲ್ಲದ ಮೇಲೆ ತಿಕ್ಕಿ ಕ್ರೀಮ್ ಹೋಗುತ್ತದೆ, ಇಳಿದ ಮೇಲೆ ಆ ಜಾಗಕ್ಕೆ ಮತ್ತೆ ಹಚ್ಚಬೇಕು. ಹೆಚ್ಚು ಕಪ್ಪಾಗುವುದು ಹ್ಯಾಂಡಲ್ ಹಿಡಿದ ಹಸ್ತ. ಅದಕ್ಕೆ ಕ್ರೀಮಿಗಿಂತ ಪೂರ್ತಿ ತೋಳಿನ ಕೈಗವಸು ಸೋವಿ.

ನವನಗರ_ಮನಿ
ಬಂಗಿನ ಬಗ್ಗೆ ಹೇಳ್ರಿ. ಎರಡನೇದು ನಡೀತದೇನು?

ಗದಗ_ಫಾರ್ಮಸಿ
ಬಂಗಿಗೆ ಯುವಿ ಅಷ್ಟಽ ಅಲ್ರಿ, ಕಣ್ಣಿಗೆ ಕಾಣೂ ಬೆಳಕೂ ಕಾರಣ ಆಗ್ತದ, ನಮ್ಮಂಥ ಗೋಧಿ-ಕಂದು ಬಣ್ಣದ ಚರ್ಮದಾಗ ಜಾಸ್ತಿ. ಬಣ್ಣಿಲ್ಲದ ಸನ್‌ಸ್ಕ್ರೀನ್ ಆ ಬೆಳಕು ತಡಿಯಂಗಿಲ್ಲ, ಎಸ್‌ಪಿಎಫ್ 50 ಇರ್ಲಿ 100 ಇರ್ಲಿ. ಐರನ್ ಆಕ್ಸೈಡ್ ಇರೂ ಟಿಂಟೆಡ್ ಸನ್‌ಸ್ಕ್ರೀನ್ ಬೇಕು. ಪಟ್ಟಿಯಾಗ ಸಿಐ 77491, 77492, 77499 ಅಂತ ಇರ್ತಾವ. ತಮ್ಮ ಬಣ್ಣಕ್ಕ ಹೊಂದೂ ಛಾಯೆ ಸಿಗದಿದ್ರ ಎರಡನೇ ಕ್ರೀಮ್ ಪೂರ್ತಿ ಹಚ್ಚಿ ಒಣಗಿಸಿ, ಮ್ಯಾಲ ಐರನ್ ಆಕ್ಸೈಡ್ ಇರೂ ಕಾಂಪ್ಯಾಕ್ಟ್ ಒತ್ರಿ. ಎರಡರ ಎಸ್‌ಪಿಎಫ್ ಕೂಡಿಸಬ್ಯಾಡ್ರಿ, 50 ಮತ್ತ 15 ಸೇರಿ 65 ಆಗಂಗಿಲ್ಲ.

ಕೈ ಮುಗದು ಹೇಳೂ ಮಾತೊಂದು: ಬಂಗಿಗೆ ಅಂತ ಚೀಟಿ ಇಲ್ಲದ ಸಿಗೂ ಬೆಳ್ಳಗ ಮಾಡೂ ಮಿಶ್ರಣದ ಕ್ರೀಮ್ ತರಬ್ಯಾಡ್ರಿ. ಹೈಡ್ರೋಕ್ವಿನೋನ್, ಟ್ರೆಟಿನಾಯಿನ್, ಮೊಮೆಟಾಸೋನ್ ಮೂರೂ ಕೂಡಿದ್ದು. ಮೊಮೆಟಾಸೋನ್ ಸ್ಟೆರಾಯ್ಡ್. ಮೊದಲು ಬೆಳ್ಳಗಾಗ್ತದ, ತಿಂಗಳಗಟ್ಟಲೆ ಹಚ್ಚಿದ್ರ ಚರ್ಮ ತೆಳ್ಳಗಾಗಿ ಕೆಂಪು ನರ ಕಾಣ್ತಾವ, ಗುಳ್ಳಿ ಏಳ್ತಾವ, ಬಿಟ್ರ ಉರಿ ಸುರು ಆಗ್ತದ. 2018ರಾಗ ಇಂಥ ಸ್ಟೆರಾಯ್ಡ್ ಕ್ರೀಮುಗಳನ್ನ ಶೆಡ್ಯೂಲ್ ಎಚ್‌ಗೆ ಸೇರಿಸ್ಯಾರ, ವೈದ್ಯರ ಚೀಟಿ ಇಲ್ಲದ ಮಾರೂ ಹಂಗಿಲ್ಲ. ಚರ್ಮದ ಡಾಕ್ಟರಿಗೆ ಒಮ್ಮೆ ತೋರಸ್ರಿ.

ಹೊಸಯಲ್ಲಾಪುರ
ಎಲ್ಲಾರೂ ಹಿಂಗ ಮುಚ್ಚಿಕೊಂಡ್ರ ವಿಟಮಿನ್ ಡಿ ಎಲ್ಲಿಂದ ಬರ್ತದ?

ರಾಣೆಬೆನ್ನೂರ_ಬೀಜ
ದಿನಬಳಕೆಯಾಗ ಯಾರೂ ಪೂರ್ತಿ ಅಳತಿ, ಪೂರ್ತಿ ಮೈಗೆ ಹಚ್ಚಂಗಿಲ್ಲ, ಹಂಗಾಗಿ ಸನ್‌ಸ್ಕ್ರೀನ್‌ದಿಂದ ಕೊರತಿ ಆಗೂದು ಕಮ್ಮಿ. ಸಂಶಯ ಇದ್ರ ರಕ್ತ ಪರೀಕ್ಷೆ ಮಾಡಿಸಿ ಗುಳಿಗಿ ತಗೋರಿ. ಮಾರಿ ಸುಟ್ಕೊಂಡು ವಿಟಮಿನ್ ಗಳಸೂದು ಬ್ಯಾಡ.

ಬೆಟಗೇರಿ_ಮಗ್ಗ
ಎರಡನೇ ಕ್ರೀಮ್ ಕೊಳ್ಳಾವರಿಗೆ ಒಂದು ಎಚ್ಚರಿಕಿ. ಅವೊಬೆಂಝೋನ್ ಇದ್ದದ್ದು ಬಿಳಿ ಅಂಗಿ ಕಾಲರಿಗೆ ಹತ್ತಿ, ಅದನ್ನ ಬೋರಿನ ನೀರಾಗ ಒಗದ್ರ ಕಿತ್ತಳೆ-ತುಕ್ಕಿನ ಕಲೆ ಏಳ್ತದ. ನೀರಾಗಿನ ಕಬ್ಬಿಣದ ಕೂಡ ಅವೊಬೆಂಝೋನ್ ಕೂಡಿ ಆಗೂದದು. ಬ್ಲೀಚಿಂಗ್ ಹಾಕಿದ್ರ ಇನ್ನೂ ಗಟ್ಟಿ ಕುಂಡರ್ತದ. ಮೊದಲು ಪಾತ್ರಿ ತೊಳಿಯೂ ಲಿಕ್ವಿಡ್ ಹಚ್ಚಿ ಜಿಡ್ಡು ತಗೀರಿ. ಆಮ್ಯಾಲ ಲಿಂಬಿರಸ-ಉಪ್ಪು ಇಲ್ಲಾ ನಿಂಬಿಹುಳಿ ಪುಡಿ ನೀರಾಗ ಕಲಸಿ ಅರ್ಧ ತಾಸು ಬಿಟ್ಟು, ಸಾಧ್ಯ ಇದ್ರ ನಳದ ನೀರಾಗ ಜಾಲಾಡ್ರಿ. ಹಚ್ಚಿ 15 ನಿಮಿಷ ಒಣಗಿದ ಮ್ಯಾಲ ಅಂಗಿ ತೊಟ್ರ ಕಲೆ ಕಮ್ಮಿ.

ಸಾಧನಕೇರಿ_ಓದುಗ
ಅಬ್ಬಾ, ಕಾಲರಿನ ತುಕ್ಕಿನ ಕಾರಣ ಇದಾ! ನೀರಿನ ಟ್ಯಾಂಕಿನದು ಅಂದುಕೊಳ್ಳುವವರೇ ಎಲ್ಲ.

ಬೆಟಗೇರಿ_ಮಗ್ಗ
ಟ್ಯಾಂಕಿನ ಕಬ್ಬಿಣವೂ ಸೇರ್ತದ್ರಿ. ಬರೇ ಬಿಳಿ ಅಂಗಿ ತೊಡಾವರು ಅವೊಬೆಂಝೋನ್ ಇಲ್ಲದ್ದು ಹುಡಕ್ರಿ, ಯುವಿನಲ್ ಎ ಪ್ಲಸ್ ಮತ್ತ ಟಿನೊಸಾರ್ಬ್ ಎಸ್ ಇದ್ದದ್ದು. ಈಗ ನಮ್ಮ ದೇಶದ ಬ್ರ್ಯಾಂಡಿನಾಗೂ ಸಿಗ್ತಾವ.

ಗದಗ_ಫಾರ್ಮಸಿ
ಆಕ್ಟೋಕ್ರಿಲೀನ್ ಇದ್ದದ್ದಕ್ಕೂ ಒಂದು ಎಚ್ಚರಿಕಿ ಸೇರಸ್ತೀನಿ. ಮೊಣಕಾಲು ನೋವಿಗೆ ಕೀಟೊಪ್ರೊಫೆನ್ ಜೆಲ್ ಹಚ್ಚಾವರು ಆಕ್ಟೋಕ್ರಿಲೀನ್ ಇಲ್ಲದ್ದು ತಗೋಬೇಕು. ಆ ಜೆಲ್ಲಿನಿಂದ ಒಮ್ಮೆ ಬಿಸಲಿನ ಅಲರ್ಜಿ ಆದವರಿಗೆ ಆಕ್ಟೋಕ್ರಿಲೀನಿಗೂ ಆಗೂ ಸಂಭವ ಹೆಚ್ಚು. ಹಳೇ ಟ್ಯೂಬೂ ಬ್ಯಾಡ. ಇಟ್ಟಂಗ ಇಟ್ಟಂಗ ಆಕ್ಟೋಕ್ರಿಲೀನ್ ಒಡದು ಬೆಂಝೋಫೀನೋನ್ ಅನ್ನೂ ಬ್ಯಾಡಾದ ಪದಾರ್ಥ (ಮೂರನೇದರಾಗಿನ ಬೆಂಝೋಫೀನೋನ್-3 ಅಲ್ಲ) ಹೆಚ್ಚಾಗ್ತದ ಅಂತ 2021ರ ಸಂಶೋಧನೆಯಾಗ ಬಂದದ. ಈ ವರ್ಷದ್ದು ಮುಂದಿನ ಬ್ಯಾಸಗಿಗೆ ಎತ್ತಿಡಬ್ಯಾಡ್ರಿ.

ದುರ್ಗದಬೈಲ್
ಹಂಗಾದ್ರ 899ರದು ಯಾರಿಗೂ ಬ್ಯಾಡೇನು?

ಗದಗ_ಫಾರ್ಮಸಿ
ಡಾಕ್ಟರ್ ಬರಕೊಟ್ಟಿದ್ರ ಬಿಡಬ್ಯಾಡ್ರಿ. ಮೊಡವಿ ಚರ್ಮಕ್ಕ, ಅಲರ್ಜಿ ಚರ್ಮಕ್ಕ ಅವರು ಲೆಕ್ಕ ಹಾಕಿ ಕೊಟ್ಟಿರ್ತಾರ. ಬರೇ ಬಿಸಲು ತಡಿಯೂ ಸಲುವಾಗಿ ಆದ್ರ ಅಷ್ಟು ರೊಕ್ಕ ಬ್ಯಾಡ.

ನವನಗರ_ಮನಿ
ಎಲ್ಲಾರಿಗೂ ಧನ್ಯವಾದರಿ. ಸ್ಕೂಟರಿಗೆ ಎರಡನೇದು, ಬಂಗಿಗೆ ಟಿಂಟೆಡ್ ಹುಡುಕ್ತೀನಿ, ಯಾರ್ಡಿಗೆ ಪೂರ್ತಿ ತೋಳಿನ ಅಂಗಿ ಮತ್ತ ಮಾರಿ, ಹಸ್ತಕ್ಕ ಅದಽ ಎರಡನೇದು. ಇನ್ನೊಂದ ಕೇಳಬೇಕಾಗಿತ್ತು. ಮಧ್ಯಾಹ್ನ ಹಚ್ಚಲಿಕ್ಕ ಟ್ಯೂಬ್ ಸ್ಕೂಟರಿನ ಡಿಕ್ಕಿಯಾಗ ಇಟ್ರ ನಡೀತದ?

ಮುಳಗುಂದ_ನಾಕಾ
ಬೇಡ. ಬಿಸಿಲಲ್ಲಿ ನಿಂತ ಸ್ಕೂಟರಿನ ಡಿಕ್ಕಿ ಹೊರಗಿನ ಗಾಳಿಗಿಂತ ಬಹಳ ಕಾಯುತ್ತದೆ. ಕ್ರೀಮಿನ ಎಣ್ಣೆ-ನೀರು ಬೇರೆಯಾಗುತ್ತವೆ. ಟ್ಯೂಬ್ ಒತ್ತಿದಾಗ ಮೊದಲು ನೀರು ಬಂದರೆ, ಕಾಳು ಕಾಳಾಗಿ ಬಂದರೆ, ವಾಸನೆ ಬದಲಾಗಿದ್ದರೆ ಕುಲುಕಿ ಬಳಸಬೇಡಿ, ಬಿಸಾಡಿ. ಎಣ್ಣೆ-ನೀರು ಬೇರೆಯಾದ ಕ್ರೀಮ್ ಚರ್ಮದ ಮೇಲೆ ಸಮನಾಗಿ ಹರಡುವುದಿಲ್ಲ, ಅಲ್ಲಲ್ಲಿ ಖಾಲಿ ಉಳಿಯುತ್ತದೆ. 10–15 ಗ್ರಾಂನ ಸಣ್ಣ ಟ್ಯೂಬ್ ಕೈಚೀಲದಲ್ಲಿ, ಊಟದ ಡಬ್ಬಿಯಿಂದ ದೂರ ಇಡಿ. ದೊಡ್ಡ ಟ್ಯೂಬಿನಿಂದ ಬೇರೆ ಡಬ್ಬಿಗೆ ತುಂಬಿ ಒಯ್ಯುವುದೂ ಬೇಡ, ಗಾಳಿ-ಕೈ ತಾಗಿ ಕೆಡುತ್ತದೆ.

ಬ್ಯಾಡಗಿ_ಖಾರ
ಯಾರ್ಡಿನವರು ಅಡತಿ ಅಂಗಡಿಯೊಳಗ ನೀರಿನ ಮಣ್ಣಿನ ಕೊಡ ಇರೂ ಮೂಲ್ಯಾಗ ಇಡ್ರಿ. ತಂಪಿರ್ತದ, ಊಟಕ್ಕ ಬಂದಾಗ ಕೈತೊಳಕೊಂಡು ಅಲ್ಲೇ ಹಚ್ಕೋಬಹುದು.